ಗಾಂಧೀಜಿಯವರ ಊಟ, ಉಪವಾಸ ಮತ್ತು ನಡಿಗೆ

ನಮ್ಮ ಜತ್ತ ತಾಲೂಕಿನ ಜನರಿಗೆ ನಡಿಗೆಯೂ ಹೊಸದಲ್ಲ, ಉಪವಾಸವೂ ಹೊಸದಲ್ಲ. ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆಂದು ದೂರದೂರದ ಊರುಗಳಿಂದ ಭಕ್ತರು ಕಾಲ್ನಡಿಗೆಯಿಂದ ಬರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆಷಾಢ ಏಕಾದಶಿಗೆ ದಿಂಡಿಯೊಡನೆ ಪಂಢರಪುರಕ್ಕೆ ನಡೆದು ಹೋಗುವ ಹಿರಿಯರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಏಕಾದಶಿ, ಸಂಕಷ್ಟಿ, ಶ್ರಾವಣ ಸೋಮವಾರ ಎಂದು ನಮ್ಮ ತಾಯಂದಿರು ಹಸಿದಿದ್ದು ಮನೆಗೆಲಸ, ಹೊಲದ ಕೆಲಸ ಎರಡನ್ನೂ ಮಾಡುತ್ತಾರೆ. ಇತ್ತೀಚೆಗೆ ಇದರ ಜೊತೆಗೆ ಇನ್ನೊಂದು ಬಗೆಯ ಉಪವಾಸವೂ ಬಂದಿದೆ. ಪೊಲೀಸ್ ಭರ್ತಿಗೆಂದು ನಸುಕಿನಲ್ಲಿ ಓಡುವ ತರುಣರು, ತೂಕ ಇಳಿಸಬೇಕೆನ್ನುವ ಪೇಟೆಯವರು, ದಿನದ ಹದಿನಾರು ತಾಸು ಏನನ್ನೂ ತಿನ್ನದೆ ಇದ್ದು, ಉಳಿದ ಹೊತ್ತಿನಲ್ಲಿ ತಿಂದುದರ ಕ್ಯಾಲರಿಯನ್ನು ಮೊಬೈಲಿನಲ್ಲಿ ಎಣಿಸುತ್ತಾರೆ.

ಊಟದ ಅಳತೆ, ಉಪವಾಸ ಮತ್ತು ವ್ಯಾಯಾಮ ಈ ಮೂರನ್ನೂ ಐವತ್ತಕ್ಕೂ ಹೆಚ್ಚು ವರ್ಷಗಳ ಕಾಲ ತಮ್ಮ ಸ್ವಂತ ದೇಹದ ಮೇಲೆ ಪರೀಕ್ಷಿಸಿ ನೋಡಿದ ಮಹಾಪುರುಷರೊಬ್ಬರು ನಮ್ಮ ದೇಶದಲ್ಲಿ ಆಗಿಹೋದರು. ಅವರೇ ಮಹಾತ್ಮಾ ಗಾಂಧೀಜಿ. ಸ್ವಾತಂತ್ರ್ಯ ತಂದುಕೊಟ್ಟ ಗಾಂಧೀಜಿಯವರನ್ನು ನಾವೆಲ್ಲರೂ ಬಲ್ಲೆವು. ಆದರೆ ತಾವು ಉಂಡುದನ್ನು ತೂಗಿ, ನಡೆದುದನ್ನು ಲೆಕ್ಕ ಹಾಕಿ, ತಪ್ಪಿದಲ್ಲಿ ತಪ್ಪೆಂದು ಒಪ್ಪಿಕೊಂಡ ಗಾಂಧೀಜಿಯವರನ್ನು ಬಲ್ಲವರು ಕಡಿಮೆ. ಆ ಬಾಳಿನ ಕತೆಯನ್ನು ಇಲ್ಲಿ ಸಂಕ್ಷೇಪವಾಗಿ ನೋಡೋಣ.

ಮೋಹನದಾಸ ಕರಮಚಂದ ಗಾಂಧಿಯವರು 1869ನೆಯ ಅಕ್ಟೋಬರ್ 2ರಂದು ಗುಜರಾತದ ಪೋರಬಂದರದಲ್ಲಿ ಜನಿಸಿದರು. ಅವರಿಗೆ ಉಪವಾಸದ ಮೊದಲ ಪಾಠ ಹೇಳಿಕೊಟ್ಟವರು ತಾಯಿ ಪುತಳೀಬಾಯಿ. ಚಾತುರ್ಮಾಸದ ನಾಲ್ಕು ತಿಂಗಳು ಒಪ್ಪತ್ತು ಉಣ್ಣುವುದು ಆ ತಾಯಿಗೆ ರೂಢಿಯಾಗಿತ್ತು. ಒಂದು ವರ್ಷ ದಿನ ಬಿಟ್ಟು ದಿನ ಉಪವಾಸವಿದ್ದರು. ಇನ್ನೊಂದು ವರ್ಷ ಸೂರ್ಯನನ್ನು ಕಾಣದೆ ಊಟ ಮಾಡುವುದಿಲ್ಲವೆಂದು ವ್ರತ ಹಿಡಿದರು. ಮಳೆಗಾಲದ ಮೋಡದಲ್ಲಿ ಸೂರ್ಯ ಕಾಣುವುದೇ ಅಪರೂಪ. ಮಕ್ಕಳು ಅಂಗಳದಲ್ಲಿ ನಿಂತು ಆಕಾಶವನ್ನೇ ನೋಡುತ್ತಿದ್ದರು. ಸೂರ್ಯ ಕಂಡನೆಂದು ಓಡಿಹೋಗಿ ತಾಯಿಗೆ ತಿಳಿಸಿದರೆ, ಆಕೆ ಹೊರಗೆ ಬರುವಷ್ಟರಲ್ಲಿ ಅವನು ಮತ್ತೆ ಮೋಡದೊಳಗೆ ಮರೆಯಾಗಿರುತ್ತಿದ್ದ. ಆ ತಾಯಿ ಬೇಸರಪಡದೆ, ದೇವರಿಗೆ ಇಂದು ತನ್ನ ಊಟ ಬೇಡವಾಗಿದೆ ಎಂದುಕೊಂಡು ನಗುತ್ತಲೇ ಕೆಲಸಕ್ಕೆ ತಿರುಗುತ್ತಿದ್ದರು. ಈ ಚಿತ್ರ ಬಾಲಕ ಮೋಹನದಾಸನ ಮನಸ್ಸಿನಲ್ಲಿ ಅಚ್ಚೊತ್ತಿ ಉಳಿಯಿತು.

ವ್ಯಾಯಾಮದ ವಿಷಯದಲ್ಲಿ ಮಾತ್ರ ಆ ಬಾಲಕ ಹಿಂದುಳಿದವನೇ. ರಾಜಕೋಟದ ಹೈಸ್ಕೂಲಿನಲ್ಲಿ ಮುಖ್ಯಾಧ್ಯಾಪಕರಾಗಿದ್ದ ಗಿಮಿಯವರು ಮೇಲಿನ ತರಗತಿಗಳಿಗೆ ಕಸರತ್ತು ಮತ್ತು ಕ್ರಿಕೆಟ್ ಆಟವನ್ನು ಕಡ್ಡಾಯ ಮಾಡಿದ್ದರು. ನಾಚಿಕೆಯ ಸ್ವಭಾವದ ಮೋಹನದಾಸನಿಗೆ ಅದು ಬೇಡವಾಗಿತ್ತು. ಶಾಲೆ ಬಿಟ್ಟೊಡನೆ ಮನೆಗೆ ಹೋಗಿ ತಂದೆಯ ಸೇವೆ ಮಾಡಬೇಕೆಂಬುದು ಅವನ ಆಸೆ. ಒಂದು ಶನಿವಾರ ಮೋಡ ಕವಿದಿದ್ದರಿಂದ ಹೊತ್ತು ತಿಳಿಯದೆ ಕಸರತ್ತಿನ ವೇಳೆ ತಪ್ಪಿಹೋಯಿತು. ನಿಜವನ್ನು ಹೇಳಿದರೂ ನಂಬದೆ ಅವನಿಗೆ ಒಂದೆರಡು ಆಣೆ ದಂಡ ಹಾಕಿದರು. ದಂಡಕ್ಕಿಂತ, ತನ್ನನ್ನು ಸುಳ್ಳುಗಾರನೆಂದು ತಿಳಿದರಲ್ಲ ಎಂದು ಆ ಹುಡುಗ ಅತ್ತುಬಿಟ್ಟ. ಸತ್ಯವಂತನು ಎಚ್ಚರಿಕೆಯುಳ್ಳವನೂ ಆಗಿರಬೇಕೆಂಬ ಪಾಠ ಅಂದು ಅವನಿಗೆ ಸಿಕ್ಕಿತು. ಕಸರತ್ತನ್ನು ಕಡೆಗಣಿಸಿದ್ದು ತಪ್ಪಾಯಿತೆಂದು ಅವರು ಮುಂದೆ ಬರೆದಿದ್ದಾರೆ. ಆದರೆ ಬಯಲಿನ ಗಾಳಿಯಲ್ಲಿ ದೂರ ನಡೆಯುವುದರ ಲಾಭವನ್ನು ಪುಸ್ತಕದಲ್ಲಿ ಓದಿ, ಅಂದಿನಿಂದಲೇ ನಡಿಗೆಯ ರೂಢಿ ಹಾಕಿಕೊಂಡಿದ್ದರು. ಆ ರೂಢಿಯೇ ಅವರ ದೇಹವನ್ನು ಕಾಪಾಡಿತು.

1888ರಲ್ಲಿ ಗಾಂಧೀಜಿ ಬ್ಯಾರಿಸ್ಟರ್ ಪರೀಕ್ಷೆಗೆಂದು ಲಂಡನ್ನಿಗೆ ಹೋದರು. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಉಳಿದುಕೊಂಡ ಮನೆಯಲ್ಲಿ ಸಪ್ಪನೆಯ ಪಲ್ಯ, ಎರಡು ಮೂರು ತುಂಡು ಬ್ರೆಡ್ಡು. ಇನ್ನಷ್ಟು ಕೇಳಲು ನಾಚಿಕೆ. ಹೊಟ್ಟೆ ತುಂಬದೆ, ಶಾಕಾಹಾರದ ಊಟದ ಮನೆಯನ್ನು ಹುಡುಕುತ್ತ ದಿನಕ್ಕೆ ಹತ್ತು ಹನ್ನೆರಡು ಮೈಲಿ ಅಲೆಯುತ್ತಿದ್ದರು. ಕೊನೆಗೊಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಅಂಥ ಊಟದ ಮನೆ ಕಣ್ಣಿಗೆ ಬಿದ್ದಾಗ, ಬಯಸಿದ ವಸ್ತು ಕೈಗೆ ಬಂದ ಮಗುವಿನಂತೆ ಹಿಗ್ಗಿದರು.

ಮುಂದೆ ಅವರು ತಮ್ಮ ಖರ್ಚನ್ನು ಅರ್ಧಕ್ಕೆ ಇಳಿಸಿದರು. ಚಿಕ್ಕಾಸಿನ ಲೆಕ್ಕವನ್ನೂ ರಾತ್ರಿ ಮಲಗುವ ಮೊದಲು ಬರೆದಿಡುತ್ತಿದ್ದರು. ಗಾಡಿಯ ಬಾಡಿಗೆ ಉಳಿಸಲು ದಿನಕ್ಕೆ ಎಂಟು ಹತ್ತು ಮೈಲಿ ನಡೆದರು. ಇದರಿಂದ ಹಣವೂ ಉಳಿಯಿತು, ಮೈಯೂ ಗಟ್ಟಿಯಾಯಿತು. ಇಂಗ್ಲೆಂಡಿನಲ್ಲಿದ್ದಷ್ಟು ಕಾಲ ಬೇನೆ ಬಾರದಿದ್ದುದಕ್ಕೆ ಈ ನಡಿಗೆಯೇ ಕಾರಣವೆಂದು ಅವರು ನಂಬಿದ್ದರು. ಹಣದ ಲೆಕ್ಕ ಬರೆದ ಕೈಯೇ ಮುಂದೆ ಊಟದ ಲೆಕ್ಕವನ್ನೂ ಬರೆಯತೊಡಗಿತು.

1893ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕಕ್ಕೆ ಹೋದರು. ಜೋಹಾನ್ಸ್‌ಬರ್ಗಿನಲ್ಲಿ ವಕೀಲಿ ಚೆನ್ನಾಗಿ ನಡೆಯುತ್ತಿದ್ದ ದಿನಗಳಲ್ಲಿ ಅವರಿಗೆ ಮಲಬದ್ಧತೆ ಮತ್ತು ತಲೆನೋವಿನ ಕಾಟವಿತ್ತು. ದಿನಕ್ಕೆ ಮೂರು ಸಲ ಹೊಟ್ಟೆ ತುಂಬ ಊಟ, ಮೇಲೆ ಸಂಜೆಯ ಚಹಾ. ಆಗ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬೆಳಗಿನ ಉಪಾಹಾರ ಬಿಡುವವರ ಸಂಘವೊಂದು ಹುಟ್ಟಿದ ಸುದ್ದಿಯನ್ನು ಅವರು ಓದಿದರು. ಜನರು ಬೇಕಾದುದಕ್ಕಿಂತ ಹೆಚ್ಚು ಸಲ, ಹೆಚ್ಚು ಪ್ರಮಾಣದಲ್ಲಿ ತಿನ್ನುತ್ತಾರೆಂಬುದು ಆ ಸಂಘದ ವಾದ. ಗಾಂಧೀಜಿ ತಾವೂ ಬೆಳಗಿನ ತಿಂಡಿ ಬಿಟ್ಟು ನೋಡಿದರು. ಕೆಲವು ದಿನ ಕಷ್ಟವಾಯಿತು. ಬಳಿಕ ತಲೆನೋವು ಮಾಯವಾಯಿತು. ತಾವು ಅಗತ್ಯಕ್ಕಿಂತ ಹೆಚ್ಚು ಉಣ್ಣುತ್ತಿದ್ದೆವೆಂದು ಅವರಿಗೆ ತಿಳಿಯಿತು. ಇಂದು ಹೊಸದೆಂದು ಹೇಳುವ ಹೊತ್ತು ಕಟ್ಟಿದ ಊಟದ ಪದ್ಧತಿ ಹೀಗೆ ನೂರು ವರ್ಷಕ್ಕೂ ಹಳೆಯದು.

1910ರಲ್ಲಿ ಅವರೂ ಅವರ ಮಿತ್ರ ಕ್ಯಾಲೆನ್‌ಬಾಕರೂ ಟಾಲ್‌ಸ್ಟಾಯ್ ಫಾರ್ಮ್ ಎಂಬ ಆಶ್ರಮವನ್ನು ಕಟ್ಟಿದರು. ಅದು ಜೋಹಾನ್ಸ್‌ಬರ್ಗಿನಿಂದ 21 ಮೈಲಿ, ಅಂದರೆ ಸುಮಾರು 34 ಕಿಲೋಮೀಟರು ದೂರ. ಸ್ವಂತ ಕೆಲಸಕ್ಕೆ ಪಟ್ಟಣಕ್ಕೆ ಹೋಗುವವರು ನಡೆದೇ ಹೋಗಬೇಕೆಂಬುದು ಅಲ್ಲಿಯ ನಿಯಮ. ಮನೆಯಲ್ಲೇ ಬೀಸಿದ ಹಿಟ್ಟಿನ ರೊಟ್ಟಿ, ಶೇಂಗಾದ ಬೆಣ್ಣೆ ಕಟ್ಟಿಕೊಂಡು ನಸುಕಿಗೇ ಹೊರಡುತ್ತಿದ್ದರು. ಈ ಕಾಲದಲ್ಲಿಯೇ ಅವರು ಏಕಾದಶಿಯ ಉಪವಾಸವನ್ನೂ ಹಿಡಿದರು. ಮೊದಮೊದಲು ಆ ದಿನ ಹಣ್ಣು ತಿನ್ನುತ್ತಿದ್ದರು. ಆದರೆ ಹಣ್ಣಿನಲ್ಲಿಯೂ ನಾಲಗೆಯ ಚಪಲ ಅಷ್ಟೇ ಇರುವುದನ್ನು ಕಂಡುಕೊಂಡರು. ಉಪವಾಸದ ಮರುದಿನ ಹಸಿವು ಇನ್ನೂ ಚುರುಕಾಗಿ, ಊಟ ಇನ್ನೂ ರುಚಿಯಾಗಿ, ಕೈ ತಡೆಯದೆ ಹೋಗುವುದನ್ನೂ ಮುಚ್ಚಿಡದೆ ಹೇಳಿದರು. ಏಕಾದಶಿಯಂದು ಎರಡರಷ್ಟು ತಿನ್ನುವುದನ್ನು ಹಾಸ್ಯ ಮಾಡುವ ಮರಾಠಿ ಗಾದೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಆ ಗಾದೆಯ ಸತ್ಯವನ್ನು ಮಹಾತ್ಮರೂ ಅನುಭವಿಸಿದ್ದರು.

ಇದನ್ನು ನಾವೂ ಲೆಕ್ಕ ಮಾಡಿ ನೋಡಬಹುದು. ಆಹಾರದಲ್ಲಿರುವ ಶಕ್ತಿಯನ್ನು ಅಳೆಯುವ ಮಾನವೇ ಕ್ಯಾಲರಿ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಬೇಕಾಗುವ ಶಾಖವನ್ನು ಆಹಾರದ ಲೆಕ್ಕದಲ್ಲಿ ಒಂದು ಕ್ಯಾಲರಿ ಎನ್ನುತ್ತಾರೆ. 60 ಗ್ರಾಂ ಜೋಳದ ಹಿಟ್ಟಿನ ಒಂದು ಭಕ್ಕರಿಯಿಂದ ಸುಮಾರು 200 ಕ್ಯಾಲರಿ ದೊರೆಯುತ್ತದೆ. 100 ಗ್ರಾಂ ಸಾಬೂದಾಣಿ, 40 ಗ್ರಾಂ ಶೇಂಗಾ, 10 ಗ್ರಾಂ ಎಣ್ಣೆ ಹಾಕಿ ಮಾಡಿದ ಖಿಚಡಿಯಿಂದ ಸುಮಾರು 660 ಕ್ಯಾಲರಿ ದೊರೆಯುತ್ತದೆ. ಅಂದರೆ ಉಪವಾಸದ ಆ ಒಂದು ತಾಟು ಮೂರು ಭಕ್ಕರಿಗಿಂತ ಹೆಚ್ಚಾಯಿತು! ಸಾಧಾರಣ ಮೈಕಟ್ಟಿನ ಮನುಷ್ಯ ಒಂದು ಕಿಲೋಮೀಟರು ನಡೆದರೆ ವೆಚ್ಚವಾಗುವುದು ಸುಮಾರು 50 ಕ್ಯಾಲರಿ ಮಾತ್ರ. ಒಂದು ಭಕ್ಕರಿಯ ಶಕ್ತಿ ನಾಲ್ಕು ಕಿಲೋಮೀಟರು ನಡಿಗೆಗೆ ಸಾಕು.

ಇನ್ನು ಗಾಂಧೀಜಿ ಮಾಡಿದ ಒಂದು ದೊಡ್ಡ ತಪ್ಪಿನ ಕತೆ. 1913ರಲ್ಲಿ ಫೀನಿಕ್ಸ್ ಆಶ್ರಮದಲ್ಲಿದ್ದವರಿಂದ ಒಂದು ದೋಷ ನಡೆದಾಗ, ಅದರ ಹೊಣೆ ತಮ್ಮದೆಂದು ಅವರು ಏಳು ದಿನ ಉಪವಾಸ ಮಾಡಿದರು. ಆಮೇಲೆ ನಾಲ್ಕೂವರೆ ತಿಂಗಳು ಒಪ್ಪತ್ತು ಉಂಡರು. ಇದು ನಿರ್ವಿಘ್ನವಾಗಿ ನಡೆಯಿತು. 1914ರಲ್ಲಿ ಮತ್ತೆ ಹದಿನಾಲ್ಕು ದಿನ ಉಪವಾಸ ಹಿಡಿದರು. ಈ ಸಲ ನೀರು ಕುಡಿಯಲು ಮನಸ್ಸಾಗದೆ ಬಹಳ ಕಡಿಮೆ ಕುಡಿದರು. ಗಂಟಲು ಒಣಗಿತು, ಧ್ವನಿ ಉಡುಗಿತು, ಶಕ್ತಿ ಪೂರ್ತಿಯಾಗಿ ಕುಂದಿತು. ಉಪವಾಸದಲ್ಲಿ ಬೇಡವೆನಿಸಿದರೂ ನೀರನ್ನು ಧಾರಾಳವಾಗಿ ಕುಡಿಯಬೇಕೆಂಬುದು ಅವರಿಗೆ ಅಂದು ಗೊತ್ತಿರಲಿಲ್ಲ.

ಆ ನಿಶ್ಶಕ್ತಿ ಹೋಗುವ ಮೊದಲೇ ಅವರು ಕಸ್ತೂರಬಾ ಮತ್ತು ಕ್ಯಾಲೆನ್‌ಬಾಕರೊಡನೆ ಹಡಗು ಹತ್ತಿ ಲಂಡನ್ನಿಗೆ ಹೊರಟರು. ಕಳೆದುಕೊಂಡ ಶಕ್ತಿಯನ್ನು ಬೇಗ ಪಡೆಯಬೇಕು, ತಿಂದುದು ಅರಗಬೇಕು ಎಂದು ಹಡಗಿನ ಅಟ್ಟದ ಮೇಲೆ ದಿನವೂ ನಡೆಯತೊಡಗಿದರು. ಒಳ್ಳೆಯ ವ್ಯಾಯಾಮವೇ ಅಲ್ಲವೆ? ಆದರೆ ಬರಿದಾದ ದೇಹ ಅದನ್ನು ತಾಳಲಿಲ್ಲ. ಮೀನಖಂಡಗಳಲ್ಲಿ ನೋವು ಎದ್ದಿತು. ಲಂಡನ್ ಮುಟ್ಟುವಷ್ಟರಲ್ಲಿ ಮೊದಲಿಗಿಂತ ಹೆಚ್ಚು ಸೋತಿದ್ದರು. ಅಲ್ಲಿ ಡಾಕ್ಟರ್ ಜೀವರಾಜ ಮೆಹತಾ ಅವರು ಪರೀಕ್ಷಿಸಿ, ಕೆಲವು ದಿನ ಪೂರ್ಣ ವಿಶ್ರಾಂತಿ ಪಡೆಯದಿದ್ದರೆ ಕಾಲುಗಳೇ ನಿಷ್ಪ್ರಯೋಜಕವಾಗುವ ಭಯವಿದೆಯೆಂದು ಎಚ್ಚರಿಸಿದರು. ದಿನಕ್ಕೆ ಹತ್ತಾರು ಮೈಲಿ ನಡೆಯುತ್ತಿದ್ದ ಕಾಲುಗಳು! ದೀರ್ಘ ಉಪವಾಸದ ಬಳಿಕ ಶಕ್ತಿಗಾಗಿ ಅವಸರಪಡಬಾರದು, ಹಸಿವಿಗೂ ಕಡಿವಾಣ ಹಾಕಬೇಕು, ಉಪವಾಸ ಹಿಡಿಯುವುದಕ್ಕಿಂತ ಬಿಡುವಾಗಲೇ ಹೆಚ್ಚಿನ ಎಚ್ಚರಿಕೆ ಬೇಕು ಎಂಬುದನ್ನು ಅವರು ಹೀಗೆ ನೋವುಂಡು ಕಲಿತರು.

1915ರಲ್ಲಿ ಗಾಂಧೀಜಿ ಭಾರತಕ್ಕೆ ಮರಳಿದರು. ಅವರು ಹೋದಲ್ಲೆಲ್ಲ ಮನೆಯವರು ಆದರದಿಂದ ಬಗೆಬಗೆಯ ಹಣ್ಣು, ಕಾಯಿ, ಪದಾರ್ಥಗಳನ್ನು ಸಿದ್ಧಪಡಿಸುತ್ತಿದ್ದರು. ಒಬ್ಬರ ಸಲುವಾಗಿ ಇಡೀ ಮನೆಯ ಹೆಂಗಸರು ರಾತ್ರಿಯೆಲ್ಲ ದುಡಿಯುವುದನ್ನು ಕಂಡು ಅವರಿಗೆ ಸಂಕೋಚವಾಯಿತು. ಅದೇ ವರ್ಷ ಹರಿದ್ವಾರದ ಕುಂಭಮೇಳದಲ್ಲಿ ಅವರು ಎರಡು ವ್ರತಗಳನ್ನು ಹಿಡಿದರು. ಇಪ್ಪತ್ತನಾಲ್ಕು ತಾಸಿನಲ್ಲಿ ಐದಕ್ಕಿಂತ ಹೆಚ್ಚು ಬಗೆಯ ವಸ್ತುಗಳನ್ನು ತಿನ್ನಬಾರದು, ಕತ್ತಲಾದ ಮೇಲೆ ಊಟ ಮಾಡಬಾರದು. ಕಾಯಿಲೆಯಲ್ಲಿ ತೆಗೆದುಕೊಳ್ಳುವ ಔಷಧವನ್ನೂ ಆ ಐದರಲ್ಲಿಯೇ ಎಣಿಸಬೇಕೆಂದು ಕಟ್ಟು ಮಾಡಿಕೊಂಡರು.

ಇಷ್ಟು ಕಲಿತವರೂ ಮತ್ತೆ ಎಡವಿದರು. 1918ರಲ್ಲಿ ಗುಜರಾತದ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸುವ ಕೆಲಸದಲ್ಲಿ ತೊಡಗಿದ್ದಾಗ ಹಳ್ಳಿಗಳಲ್ಲಿ ಗಾಡಿಯೂ ಸಿಗುತ್ತಿರಲಿಲ್ಲ. ದಿನಕ್ಕೆ ಇಪ್ಪತ್ತು ಮೈಲಿಯಷ್ಟು ನಡೆಯಬೇಕಾಗುತ್ತಿತ್ತು. ಆಹಾರವೆಂದರೆ ಬಹುಮಟ್ಟಿಗೆ ಶೇಂಗಾದ ಬೆಣ್ಣೆ ಮತ್ತು ನಿಂಬೆಹಣ್ಣು. ದೇಹ ಸೋತು ಆಮಶಂಕೆ ಆರಂಭವಾಯಿತು. ಒಂದು ಹಬ್ಬದ ದಿನ ಮಧ್ಯಾಹ್ನ ಏನೂ ಬೇಡವೆಂದವರು, ಕಸ್ತೂರಬಾ ಪ್ರೀತಿಯಿಂದ ಮಾಡಿದ ಗೋಧಿಯ ಸಿಹಿಯನ್ನೂ ಹೆಸರುಕಾಳನ್ನೂ ಕಂಡು ಮನಸ್ಸು ತಡೆಯಲಾರದೆ ಹೊಟ್ಟೆ ತುಂಬ ಉಂಡರು. ಒಂದು ತಾಸಿನೊಳಗೆ ಬೇನೆ ಉಲ್ಬಣಿಸಿತು. ಮುಂದೆ ಸಾವಿನ ಬಾಗಿಲವರೆಗೂ ಹೋಗಿ ಬಂದರು. ಆಕಳ, ಎಮ್ಮೆಯ ಹಾಲನ್ನು ಬಿಟ್ಟಿದ್ದ ಅವರು ಕಡೆಗೆ ಆಡಿನ ಹಾಲು ಕುಡಿದು ಚೇತರಿಸಿಕೊಂಡರು. ವ್ರತದ ಮಾತು ಉಳಿದರೂ ಅದರ ಆಶಯ ಉಳಿಯಲಿಲ್ಲವೆಂಬ ಕೊರಗು ಅವರನ್ನು ಬಿಡಲಿಲ್ಲ.

ನಮ್ಮ ಸೀಮೆಗೂ ಈ ಕತೆಗೂ ನಂಟಿದೆ. 1924ರ ಸೆಪ್ಟೆಂಬರ್ 17ರಿಂದ ಅಕ್ಟೋಬರ್ 8ರವರೆಗೆ ಹಿಂದೂ ಮುಸಲ್ಮಾನರ ಐಕ್ಯಕ್ಕಾಗಿ ಗಾಂಧೀಜಿ ದಿಲ್ಲಿಯಲ್ಲಿ 21 ದಿನ ಉಪವಾಸವಿದ್ದರು. ಅದೇ ವರ್ಷದ ಡಿಸೆಂಬರದಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದು ಅಧ್ಯಕ್ಷರಾದರು. ಅವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. 1927ರ ಮಾರ್ಚಿನಲ್ಲಿ ಎಡೆಬಿಡದ ಪ್ರವಾಸದಿಂದ ದಣಿದು ನಮ್ಮ ನೆರೆಯ ಕೊಲ್ಹಾಪುರದಲ್ಲಿ ಕುಸಿದರು. ರಕ್ತದ ಒತ್ತಡ ಏರಿತ್ತು. ವೈದ್ಯರ ಮಾತಿಗೆ ತಲೆಬಾಗಿ ಪ್ರವಾಸ ನಿಲ್ಲಿಸಿ, ಏಪ್ರಿಲದಿಂದ ಜೂನ್ ಆರಂಭದವರೆಗೆ ಮೈಸೂರು ಸೀಮೆಯ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದರು. ಹಡಗಿನ ಮೇಲೆ ಅವಸರಪಟ್ಟು ನಡೆದವರು ಈಗ ಸುಮ್ಮನೆ ಕೂಡುವುದನ್ನೂ ಕಲಿತಿದ್ದರು.

ಆ ವಿಶ್ರಾಂತಿಯ ಫಲ ಮೂರು ವರ್ಷಗಳ ಬಳಿಕ ಕಂಡಿತು. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು, ಸುಮಾರು 240 ಮೈಲಿ ನಡೆದು, ಏಪ್ರಿಲ್ 5ರಂದು ದಾಂಡಿಯನ್ನು ಮುಟ್ಟಿದರು. ಆಗ ಅವರಿಗೆ 60 ವರ್ಷ. ಜೊತೆಗಿದ್ದವರಲ್ಲಿ ಹಾವೇರಿಯ ಕಡೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಒಬ್ಬರೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ನಡಿಗೆಯ ಹಾದಿಯಲ್ಲಿಯೂ ಊಟದ ಲೆಕ್ಕ ತಪ್ಪಲಿಲ್ಲ. ತಮ್ಮ ತಂಡಕ್ಕೆಂದು ದೂರದ ಪಟ್ಟಣದಿಂದ ಹಾಲು, ಹಣ್ಣು, ತರಕಾರಿ ತರಿಸುತ್ತಿರುವುದು ತಿಳಿದಾಗ, ಬಡವರ ದೇಶದಲ್ಲಿ ಇದು ಸಲ್ಲದೆಂದು ಸಭೆಯಲ್ಲಿಯೇ ಎಲ್ಲರನ್ನೂ ತಮ್ಮನ್ನೂ ತರಾಟೆಗೆ ತೆಗೆದುಕೊಂಡರು.

1932ರಲ್ಲಿ ಪುಣೆಯ ಯರವಡಾ ಸೆರೆಮನೆಯಲ್ಲಿ, 1933ರಲ್ಲಿ 21 ದಿನ, 1943ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಮತ್ತೆ 21 ದಿನ ಅವರು ಉಪವಾಸ ಮಾಡಿದರು. ಆಗ ವೈದ್ಯರು ಹತ್ತಿರವೇ ಇರುತ್ತಿದ್ದರು. ಉಪ್ಪು ಅಥವಾ ಸೋಡಾ ಬೆರೆಸಿದ ನೀರನ್ನು ಅವರು ತಪ್ಪದೆ ಕುಡಿಯುತ್ತಿದ್ದರು. 1943ರಲ್ಲಿ ಸ್ಥಿತಿ ಕೈಮೀರುವಂತಾದಾಗ ನೀರಿಗೆ ಸ್ವಲ್ಪ ಮೋಸಂಬಿ ರಸವನ್ನೂ ಸೇರಿಸಿದರು. 1914ರ ತಪ್ಪು ಮರುಕಳಿಸಲಿಲ್ಲ.

ಅದೇ ಆಗಾಖಾನ್ ಅರಮನೆಯಲ್ಲಿ ಬಂಧಿಯಾಗಿದ್ದಾಗ, 1942ರಲ್ಲಿ, ಅವರು ಆರೋಗ್ಯವನ್ನು ಕುರಿತು ಒಂದು ಚಿಕ್ಕ ಪುಸ್ತಕ ಬರೆದರು. ಕುಳಿತು ಕೆಲಸ ಮಾಡುವ ದೊಡ್ಡವನಿಗೆ ದಿನಕ್ಕೆ ಬೇಕಾದ ಆಹಾರವನ್ನು ಅದರಲ್ಲಿ ತೂಕದೊಡನೆ ಕೊಟ್ಟರು. ಹಾಲು 2 ಪೌಂಡು, ಧಾನ್ಯ 6 ಔನ್ಸು, ಸೊಪ್ಪು ಮತ್ತು ತರಕಾರಿ ಒಟ್ಟು 9 ಔನ್ಸು, ತುಪ್ಪ ಒಂದೂವರೆ ಔನ್ಸು, ಬೆಲ್ಲ ಅಥವಾ ಸಕ್ಕರೆ ಒಂದೂವರೆ ಔನ್ಸು. ಜೊತೆಗೆ ನಿಂಬೆಹಣ್ಣು, ಶಕ್ತಿಯಿದ್ದಷ್ಟು ಇತರ ಹಣ್ಣು. ಒಂದು ಪೌಂಡು ಎಂದರೆ ಸುಮಾರು 454 ಗ್ರಾಂ, ಒಂದು ಔನ್ಸು ಎಂದರೆ ಸುಮಾರು 28 ಗ್ರಾಂ. ಗಾಂಧೀಜಿ ತೂಕದಲ್ಲಿ ಹೇಳಿದ್ದನ್ನು ನಾವು ಕ್ಯಾಲರಿಗೆ ತಿರುಗಿಸೋಣ. ಹಾಲಿನಿಂದ ಸುಮಾರು 600, ಧಾನ್ಯದಿಂದ 580, ಸೊಪ್ಪು ತರಕಾರಿಯಿಂದ 90, ತುಪ್ಪದಿಂದ 380, ಬೆಲ್ಲದಿಂದ 160. ಎಲ್ಲ ಕೂಡಿಸಿದರೆ ಹಣ್ಣು ಬಿಟ್ಟು ಸುಮಾರು 1800 ಕ್ಯಾಲರಿ ಆಗುತ್ತದೆ. ಇದು ಹಸಿವಿನ ಊಟವಲ್ಲ, ಹದವಾದ ಊಟ.

ವಿದ್ಯಾರ್ಥಿಗಳು ಇಲ್ಲಿ ಒಂದು ಮಾತನ್ನು ಚೆನ್ನಾಗಿ ಗಮನಿಸಬೇಕು. ಈ ಪಟ್ಟಿ ದೊಡ್ಡವರದು, ಅದೂ ಕುಳಿತು ಕೆಲಸ ಮಾಡುವವರದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಹೇಳಿರುವಂತೆ, 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ ಸುಮಾರು 2860, ಅದೇ ವಯಸ್ಸಿನ ಹುಡುಗಿಗೆ ಸುಮಾರು 2400 ಕ್ಯಾಲರಿ ಬೇಕು. ಬೆಳೆಯುವ ಮೈಗೆ ಮಹಾತ್ಮರ ತಟ್ಟೆಗಿಂತ ದೊಡ್ಡ ತಟ್ಟೆ ಬೇಕೆಂದಾಯಿತು. ಆದುದರಿಂದ ದೊಡ್ಡವರನ್ನು ನೋಡಿ ಮಕ್ಕಳು ಊಟ ಬಿಡುವುದು, ಬರಿ ಹೊಟ್ಟೆಯಲ್ಲಿ ಓಡುವುದು ಸರಿಯಲ್ಲ. ಉಪವಾಸದ ದಿನ ಆಟದ ಸ್ಪರ್ಧೆಯಿದ್ದರೆ ತಂದೆತಾಯಿಗಳು ವಿಚಾರ ಮಾಡಬೇಕು. ಸಕ್ಕರೆ ಕಾಯಿಲೆಯವರು, ಬಸುರಿ ಬಾಣಂತಿಯರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು.

ಗಾಂಧೀಜಿಯವರ ಕೊನೆಯ ಉಪವಾಸ 1948ರ ಜನವರಿ 13ರಿಂದ 18ರವರೆಗೆ ದಿಲ್ಲಿಯಲ್ಲಿ ನಡೆಯಿತು. ದಿಲ್ಲಿಯಲ್ಲಿ ಕೋಮುಗಲಭೆ ನಿಂತು ಶಾಂತಿ ನೆಲೆಸಲೆಂದು 78ರ ಆ ಮುದಿಜೀವ ಹಸಿದಿತ್ತು. ಅದಾದ ಹನ್ನೆರಡನೆಯ ದಿನ, ಜನವರಿ 30ರ ಸಂಜೆ, ಇಬ್ಬರು ಹೆಣ್ಣುಮಕ್ಕಳ ಹೆಗಲ ಮೇಲೆ ಕೈಯಿಟ್ಟು, ಪ್ರಾರ್ಥನೆಗೆ ತಡವಾಯಿತೆಂದು ಬೇಗ ಬೇಗ ನಡೆಯುತ್ತಿದ್ದಾಗ ಅವರು ಗುಂಡಿಗೆ ಬಲಿಯಾದರು. ಬಾಲ್ಯದಲ್ಲಿ ಹಿಡಿದ ನಡಿಗೆ ಕಡೆಯ ಉಸಿರಿನವರೆಗೂ ಅವರ ಜೊತೆಗಿತ್ತು.

ಮಹಾತ್ಮರಂತೆ 21 ದಿನ ಉಪವಾಸ ಮಾಡುವುದು ನಮಗೆ ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ. ಅವರಿಂದ ನಾವು ಕಲಿಯಬೇಕಾದುದು ಬೇರೆ ಇದೆ. ಮೈಯನ್ನು ಹೊಡೆದು ಬಗ್ಗಿಸಲು ಹೋದಾಗಲೆಲ್ಲ ಅವರಿಗೆ ಸೋಲಾಯಿತು. ಮೈಯ ಮಾತನ್ನು ಕೇಳಿ, ಲೆಕ್ಕವಿಟ್ಟು, ತಾಳ್ಮೆಯಿಂದ ನಡೆದಾಗ ಅದೇ ಮೈ ಅವರನ್ನು ದಾಂಡಿಯವರೆಗೂ ಹೊತ್ತು ನಡೆಯಿತು. ತಮ್ಮ ತಪ್ಪುಗಳನ್ನು ಮುಚ್ಚಿಟ್ಟಿದ್ದರೆ ಅವು ಅವರೊಡನೆಯೇ ಹೋಗುತ್ತಿದ್ದವು. ಬರೆದಿಟ್ಟದ್ದರಿಂದ ಅವು ನಮಗೂ ಪಾಠವಾದವು. ಹಿತವಾಗಿ ಉಣ್ಣೋಣ, ದಿನವೂ ನಡೆಯೋಣ, ಉಪವಾಸ ಬಿಡುವಾಗ ಎಚ್ಚರಿಕೆಯಿಂದಿರೋಣ, ತಪ್ಪಿದರೆ ಒಪ್ಪಿಕೊಂಡು ತಿದ್ದಿಕೊಳ್ಳೋಣ.